ಅರ್ಧ ಪಾಸ್‌ವರ್ಡ್

ಮಾರ್ಚ್ 4

ಮೇಷ್ಟ್ರಿಗೆ,

ಅಕ್ಷರ ನೋಡಿದ ಕೂಡಲೇ ಯಾರೆಂದು ಗೊತ್ತಾಗಿರುತ್ತದೆ. ಗಾರ್ಮೆಂಟ್ ಕಾರ್ಖಾನೆಯ ಕಟಿಂಗ್ ಮೇಜಿನವಳು. ನಿಮ್ಮ ಸತ್ತ ಗೆಳೆಯನ ತಂಗಿ. ಬೆಂಕಿ ಬಿದ್ದು ವರ್ಷವಾಗುತ್ತ ಬಂತು. ನೀವು ಮಣ್ಣಿಗೂ ಬರಲಿಲ್ಲ, ಮಾತಿಗೂ ಬರಲಿಲ್ಲ. ಯಾಕೆಂದು ಕೇಳಲು ಬರೆಯುತ್ತಿಲ್ಲ. ಫೋನ್ ಮಾಡಿದರೆ ಬೈದುಬಿಡುತ್ತೇನೆ, ಕೆಲಸ ಕೆಡುತ್ತದೆ. ಅದಕ್ಕೇ ಕಾಗದ.

ನಮ್ಮ ಕಾರ್ಮಿಕ ಸಂಘದ ಕಚೇರಿಯ ಕಂಪ್ಯೂಟರ್ ಮರೆತಿರಲಾರಿರಿ. ನೀವೂ ಅಣ್ಣನೂ ಗುಜರಿಯಿಂದ ತಂದು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಬದುಕಿಸಿದಿರಿ. ಪೊಲೀಸರು ಎತ್ತಿಕೊಂಡು ಹೋದರೂ ಏನೂ ಸಿಗಬಾರದೆಂದು ಡಿಸ್ಕಿಗೇ ಬೀಗ ಹಾಕಿದಿರಿ. ಹಳೆಯ ಖಜಾಂಚಿ ಸದಸ್ಯರ ಹೆಸರುಗಳನ್ನು ಮಾಲೀಕನಿಗೆ ಮಾರಿದ ಮೇಲೆ ಸಂಘದ ಯಾವ ಬೀಗಕ್ಕೂ ಒಂದೇ ಕೈ ಇರಬಾರದೆಂದು ನಿಯಮವಾಗಿತ್ತು. ಹಾಗಾಗಿ ಬೀರುವಿಗೆ ಎರಡು ಕೀಲಿ, ಕಂಪ್ಯೂಟರಿಗೆ ಎರಡು ಅರ್ಧ. ಮೊದಲರ್ಧ ಅಣ್ಣ ಒತ್ತುವಾಗ ನೀವು ಗೋಡೆ ನೋಡುತ್ತಿದ್ದಿರಿ. ಮಿಕ್ಕರ್ಧ ನೀವು ಒತ್ತುವಾಗ ಅವನು ಗೋಡೆ ನೋಡುತ್ತಿದ್ದ. ಊರು ಬಿಡುವಾಗ ನಿಮ್ಮ ಅರ್ಧವನ್ನು ನನ್ನ ಕಿವಿಯಲ್ಲಿ ಹೇಳಿ ಹೋದಿರಿ. ಅದು ನನ್ನ ಬಳಿ ಇದೆ. ಅಣ್ಣನ ಅರ್ಧ ಅವನ ಜೊತೆ ಸುಟ್ಟುಹೋಯಿತು.

ಆ ದಿನ ಎದುರಿನ ಕಾರ್ಖಾನೆಯಿಂದ ಕೂಗು ಕೇಳಿ ಅವನು ಕುರ್ಚಿ ಬಿಟ್ಟು ಓಡಿದಾಗ ಯಂತ್ರ ಚಾಲೂ ಇತ್ತು. ಅಂದಿನಿಂದ ನಾವು ಅದನ್ನು ಆಫ್ ಮಾಡಿಲ್ಲ. ಮಾಡಿದರೆ ಮತ್ತೆ ತೆರೆಯಲು ಎರಡೂ ಅರ್ಧ ಬೇಕು. ಪರದೆಯ ಮೇಲೆ ಅವನ ಕರಪತ್ರ ಹಾಗೇ ಇದೆ. 'ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಹಾಕುವುದನ್ನು ನಾವು', ಅಷ್ಟೇ. ಅದರ ಮುಂದೆ ಒಂದು ಗೆರೆ ಮಿಣುಕುತ್ತಿದೆ. ನಾವು ಬೇರೆ ಕಿಟಕಿ ತೆರೆದು ಕೆಲಸ ಮಾಡಿಕೊಳ್ಳುತ್ತೇವೆ. ಅದರ ಮುಂದೆ ಒಂದಕ್ಷರ ಒತ್ತುವ ಎದೆ ಯಾರಿಗೂ ಇಲ್ಲ.

ಈಗ ಕಾರ್ಮಿಕ ನ್ಯಾಯಮಂಡಳಿ ಸಾಕ್ಷಿ ಹೇಳಿಕೆಗಳನ್ನು ಸಂಘದ ಸ್ವಂತ ಕಂಪ್ಯೂಟರಿನಿಂದಲೇ, ತನ್ನ ಜಾಲತಾಣದಲ್ಲೇ ಹಾಕಬೇಕು ಅನ್ನುತ್ತಿದೆ. ನಮ್ಮ ಹಳೆಯ ಬ್ರೌಸರಿನಲ್ಲಿ ಅದು ತೆರೆಯುವುದಿಲ್ಲ. ಹೊಸದು ಹಾಕಲು ಹೋದರೆ ಅದೇ ಎರಡರ್ಧದ ಪಾಸ್‌ವರ್ಡ್ ಕೇಳುತ್ತದೆ. ಜೂನ್ ಮುಗಿಯುವುದರೊಳಗೆ ಹೇಳಿಕೆ ಹೋಗದಿದ್ದರೆ ಕಡತದ ಮೇಲೆ 'ಅಪಘಾತ' ಎಂದು ಬರೆದು ಮುಚ್ಚುತ್ತಾರೆ. ಹೊರಗಿನಿಂದ ಬೀಗ ಹಾಕಿ ಸುಟ್ಟದ್ದಕ್ಕೆ ಅಪಘಾತ ಎಂಬ ಹೆಸರು!

ಅವನ ಅರ್ಧ ನಿಮಗೆ ಗೊತ್ತಿದೆಯೇ? ಗೊತ್ತಿದ್ದರೆ ಬರೆಯಿರಿ. ಇಲ್ಲದಿದ್ದರೂ ಬರೆಯಿರಿ.

ಇಂತಿ,
ಕತ್ತರಿ


ಮಾರ್ಚ್ 15

ಕತ್ತರಿ,

ನನ್ನನ್ನು 'ನೀವು' ಅಂದಿದ್ದೀಯ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಅವನ ಅರ್ಧ ನನಗೆ ಗೊತ್ತಿಲ್ಲ. ಅವನು ಒತ್ತುವಾಗ ನಾನು ನಿಜವಾಗಿಯೂ ಗೋಡೆ ನೋಡುತ್ತಿದ್ದೆ. ಆ ಗೋಡೆಯ ಬಿರುಕನ್ನು ಇವತ್ತಿಗೂ ಬರೆದು ತೋರಿಸಬಲ್ಲೆ. ಉದ್ದದ್ದು ಎಂದಷ್ಟೇ ಗೊತ್ತು, ಕೀಲಿಗಳ ಸದ್ದು ಕೇಳುತ್ತಿತ್ತು. ಕೊನೆಗೆ ಒಮ್ಮೆ ನಿಂತು, ಯೋಚಿಸಿದವನ ಹಾಗೆ ಇನ್ನೊಂದು ಅಕ್ಷರ ಒತ್ತುತ್ತಿದ್ದ. 'ಒಬ್ಬ ಸತ್ತರೆ ಏನೋ ಗತಿ?' ಎಂದು ನಾನು ಕೇಳಿದ್ದೆ. 'ಸತ್ತಾಗ ನೋಡ್ಕೊಳ್ಳೋಣ ಬಿಡೋ' ಅಂದಿದ್ದ. ನೋಡಿಕೋ ಈಗ.

ಕೆಲಸಕ್ಕೆ ಬರುತ್ತೇನೆ. ಮೊದಲು ಕಚೇರಿಯ ಫೈಲುಗಳನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ ಇಟ್ಟುಕೋ. ಇದಕ್ಕೆ ಯಾರ ಅಪ್ಪಣೆಯೂ ಬೇಡ. ಕರಪತ್ರವನ್ನೂ ಸೇರಿಸು.

ಲಿನಕ್ಸಿನಲ್ಲಿ ಸಾಫ್ಟ್‌ವೇರ್ ಹಾಕಲು ದಾರಿ ಒಂದೇ ಅಲ್ಲ. ಹೆದ್ದಾರಿ ಎಂದರೆ ಉಗ್ರಾಣ. ಆ ಲಿನಕ್ಸ್ ಮಾಡಿದವರೇ ಪ್ರತಿ ಗಂಟನ್ನೂ ಪರೀಕ್ಷಿಸಿ ಮುದ್ರೆ ಒತ್ತಿ ಇಟ್ಟಿರುತ್ತಾರೆ, ನೀವು ಅಲ್ಲಿಂದ ತರಿಸಿಕೊಳ್ಳುತ್ತೀರಿ. ಆದರೆ ಅದು ಇಡೀ ಯಂತ್ರಕ್ಕೆ ಸೇರುವುದರಿಂದ ಯಜಮಾನನ ಪಾಸ್‌ವರ್ಡ್ ಬೇಕು. ಕಾಲುದಾರಿ ಇನ್ನೊಂದಿದೆ. ಬ್ರೌಸರ್ ಮಾಡುವವರ ಸ್ವಂತ ತಾಣದಿಂದಲೇ ಅದರ ಮೂಟೆ ಇಳಿಸಿ, ನಿಮ್ಮ ಫೋಲ್ಡರಿನಲ್ಲೇ ಬಿಚ್ಚಿ, ಅಲ್ಲಿಂದಲೇ ಓಡಿಸು. ಯಾರನ್ನೂ ಕೇಳಬೇಕಿಲ್ಲ. ಓಡುತ್ತದೋ ಇಲ್ಲವೋ ಹೇಳಲಾರೆ. ಬುನಾದಿ ಬಹಳ ಹಳೆಯದು.

ನಾನು ಯಾಕೆ ಬರಲಿಲ್ಲ ಎಂದು ನೀನು ಕೇಳಲಿಲ್ಲ. ತುಂಬಿದ ಸಭೆಯಲ್ಲಿ ಅವನು ನನ್ನನ್ನು 'ಸಂಬಳದ ನಾಯಿ' ಎಂದು ಕರೆದ. ಖಾಸಗಿ ಶಾಲೆಯಲ್ಲಿ ಕೆಲಸ ಹಿಡಿದಿದ್ದೆ, ಕರೆದದ್ದರಲ್ಲಿ ತಪ್ಪಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ನಿನ್ನ ಕೈಯೂ ಇತ್ತು.

ಮೇಷ್ಟ್ರು


ಮಾರ್ಚ್ 29

ಮೇಷ್ಟ್ರಣ್ಣ,

ಹೌದು, ತಟ್ಟಿದ್ದೆ. ಜೋರಾಗಿಯೇ ತಟ್ಟಿದ್ದೆ. ಮುಂದಿನ ಮಾತಾಡು.

ಫೈಲುಗಳ ನಕಲಾಯಿತು. ಮೂಟೆ ಬಿಚ್ಚಿದೆ, ಓಡಿಸಿದೆ. ಕಣ್ಣು ತೆರೆಯುವ ಮೊದಲೇ ಸತ್ತಿತು. ಅದಕ್ಕೆ ಬೇಕಾದ ಯಾವುದೋ ಭಾಗ ಇಲ್ಲಿ ಹಳೆಯದಂತೆ.

ಆಮೇಲೆ ನಾನೇ ಒಂದು ಕೆಲಸ ಮಾಡಿದೆ. ಅಣ್ಣ ಆ ಕಪ್ಪು ಕಿಟಕಿ ತೆರೆದು 'ಸೂಡೊ' ಎಂದು ಶುರುಮಾಡಿ ಏನೇನೋ ಒತ್ತುತ್ತಿದ್ದದ್ದು ನೆನಪಿತ್ತು. ಹಾಗೇ ಒತ್ತಿದೆ. ಪಾಸ್‌ವರ್ಡ್ ಕೇಳಿತು. ಒತ್ತುತ್ತಿದ್ದೇನೆ, ಪರದೆಯಲ್ಲಿ ಏನೂ ಮೂಡುತ್ತಿಲ್ಲ! ಅಕ್ಷರವೂ ಇಲ್ಲ, ಚುಕ್ಕಿಯೂ ಇಲ್ಲ. ಕತ್ತಲಲ್ಲಿ ನಿಂತವನ ಹತ್ತಿರ ಮಾತಾಡಿದ ಹಾಗೆ. ನಾವು ದಿನಾ ಬಳಸುವ ಕಚೇರಿ ಖಾತೆಯ ಪಾಸ್‌ವರ್ಡ್ ಕೊಟ್ಟು ಎಂಟರ್ ಒತ್ತಿದಾಗ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ನಮ್ಮ ಕೇಸು ನಡೆಸುವ ವಕೀಲರ ಸಹಾಯಕಿ ಓದಿ ಹೇಳಿದಳು: ನಿನಗೆ ಈ ಅಧಿಕಾರವಿಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು.

ಬಟನ್ ಅಕ್ಕ ಪಕ್ಕದಲ್ಲೇ ಇದ್ದಳು. ಗುಂಡಿ ತೂತು ಹೊಲಿಯುವ ಕಾಜಾ ಮೆಷಿನ್ನಿನವಳು, ಬೆಂಕಿಯಿಂದ ಬದುಕಿ ಬಂದವಳು. 'ವರದಿನಾ? ಯಾರಿಗೇ?' ಅಂದಳು. ಯಾರಿಗೆ ಹೋಗುತ್ತದೆ, ಅಣ್ಣಾ?

ಕತ್ತರಿ


ಏಪ್ರಿಲ್ 7

ತಂಗಿ,

ಯಂತ್ರದ ಯಜಮಾನನಿಗೆ ಹೋಗುತ್ತದೆ. ಅಂದರೆ ಅವನಿಗೆ. ಬೇರೆಲ್ಲಿಗೂ ಅಲ್ಲ. ಆ ಯಂತ್ರದ ಒಳಗೇ ಅವನಿಗೊಂದು ಟಪಾಲು ಡಬ್ಬಿಯಿದೆ, ನೀನು ಮಾಡಿದ್ದು ಅದರಲ್ಲಿ ಬಿದ್ದಿರುತ್ತದೆ. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ನಿನಗೆ ಸುಳ್ಳು ಹಿಡಿಸುವುದಿಲ್ಲ.

ಇನ್ನು ಹೊಸ ಡಿಸ್ಟ್ರೋ ಹಾಕದೆ ಗತಿಯಿಲ್ಲ. ಡಿಸ್ಟ್ರೋ ಎಂದರೆ ಲಿನಕ್ಸಿನ ಒಂದೊಂದು ಮನೆತನ. ಯಾವುದು ದೊಡ್ಡದು ಎಂದು ಕಿತ್ತಾಡುವ ಗಂಡಸರಿದ್ದಾರೆ. ಅವರ ಜಗಳ ಆಸ್ತಿ ಪಾಲಿನ ಜಗಳಕ್ಕಿಂತ ಕಡೆ, ಕಿವಿಗೆ ಹಾಕಿಕೊಳ್ಳಬೇಡ. ನಿನಗೆ ಬೇಕಾದ್ದನ್ನು ನೀನು ನೋಡು: ಕಲಿಯಲು ಸುಲಭವಿರಬೇಕು, ವರ್ಷಗಟ್ಟಲೆ ದುರಸ್ತಿ ಬರುತ್ತಿರಬೇಕು, ಹಳೆಯ ಯಂತ್ರದಲ್ಲಿ ಏದುಸಿರು ಬಿಡಬಾರದು. ಡೆಬಿಯನ್ ಗಟ್ಟಿಯಾದದ್ದು, ಆದರೆ ಹೊಸಬರ ಕೈ ಹಿಡಿದು ನಡೆಸುವ ಗುಣ ಕಡಿಮೆ. ಫೆಡೋರಾ ಬೇಗ ಬೇಗ ಹೊಸದಾಗುತ್ತದೆ. ಅದರ ಹಿಂದೆ ಓಡಲು ನಿಮ್ಮಲ್ಲಿ ಯಾರಿಗೆ ಪುರುಸೊತ್ತು? ಉಬುಂಟು ಆದರೆ ಕೇಳಿದಾಗ ಹೇಳಿಕೊಡುವ ಜನ ಬಹಳ. ಮಿಂಟ್ ಅದರ ಮೇಲೆಯೇ ಕಟ್ಟಿದ್ದು. ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು, ನೀವು ಕಂಡ ಕಂಪ್ಯೂಟರುಗಳ ಹಾಗೇ ಇರುತ್ತದೆ. ಅದರ ಹಗುರ ರೂಪ ಎಕ್ಸ್‌ಎಫ್‌ಸಿಇ ಅಂತ ಸಿಗುತ್ತದೆ. ಅದನ್ನು ತೆಗೆದುಕೋ.

ನಂಬಿಕೆ ಬರುವವರೆಗೆ ಹಾಕಲೇಬೇಕೆಂದಿಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ಯಾರದಾದರೂ ಲ್ಯಾಪ್‌ಟಾಪಿನಲ್ಲಿ ಪ್ರಯತ್ನಿಸು, ಅದರ ಡಿಸ್ಕನ್ನು ಮುಟ್ಟುವುದಿಲ್ಲ. ಒಂದು ಎಚ್ಚರ: ಹಾಗೆ ಓಡಿಸಿದಾಗ ಮಾಡಿದ ಕೆಲಸ ಆಫ್ ಮಾಡಿದ ಕೂಡಲೇ ಮಾಯವಾಗುತ್ತದೆ.

ಕೊನೆಗೆ ಹಳೆಯ ಯಂತ್ರವನ್ನು ಆಫ್ ಮಾಡಿ ಅದರ ಮೇಲೆ ಹೊಸದನ್ನು ಹಾಕಬೇಕು. ಇದು ನಿನಗೂ ಗೊತ್ತು. ಫೈಲು ಒಂದೂ ಹೋಗುವುದಿಲ್ಲ. ಅವನು ಆನ್ ಮಾಡಿದ್ದು ಎಂಬುದೊಂದು ಮಾತ್ರ ಹೋಗುತ್ತದೆ. ಅದಕ್ಕೆ ನಕಲು ಇಲ್ಲ.

ಮೇಷ್ಟ್ರು


ಏಪ್ರಿಲ್ 26

ಮೇಷ್ಟ್ರಣ್ಣ,

ನಗಬೇಡ. ನಕ್ಕರೂ ಅಲ್ಲೇ ನಕ್ಕುಕೋ.

ವಕೀಲರ ಸಹಾಯಕಿಯ ಲ್ಯಾಪ್‌ಟಾಪಿನಲ್ಲಿ ಮಿಂಟ್ ಓಡಿಸಿದೆವು. ಚೆನ್ನಾಗಿದೆ, ಹಸಿರು ಎಲೆಯ ಗುರುತು. ಬಟನ್ ಅಕ್ಕ 'ಇದು ನಮ್ಮ ಸೂಪರ್‌ವೈಸರ್‌ಗಿಂತ ಬೇಗ ಹೇಳಿದ್ದು ಕೇಳ್ತದೆ ಕಣೇ' ಅಂದಳು. ಆ ಹುರುಪಿನಲ್ಲಿ ರಜೆಯ ದಿನ ಇಡೀ ಕೂತು ಎಲ್ಲರ ಹೇಳಿಕೆಗಳನ್ನೂ ಅದರಲ್ಲೇ ಟೈಪ್ ಮಾಡಿದೆವು. ಅತ್ತರು, ನೀರು ಕುಡಿದರು, ಮತ್ತೆ ಹೇಳಿದರು. ಸಂಜೆ ಶಿಸ್ತಾಗಿ ಸೇವ್ ಮಾಡಿದೆ. ಶಿಸ್ತಾಗಿ ಆಫ್ ಮಾಡಿದೆ. ಒಂದು ಯಂತ್ರವನ್ನು ವರ್ಷದಿಂದ ಆಫ್ ಮಾಡದೆ ಕಾಯುತ್ತಿರುವ ನಾವು, ಆಫ್ ಮಾಡಲೇಬಾರದ ದಿನ ಇನ್ನೊಂದನ್ನು ಆಫ್ ಮಾಡಿದೆವು. ಎಲ್ಲ ಹೋಯಿತು. ನೀನು ಎಚ್ಚರಿಸಿದ್ದೆ, ನಾನು ಸರಿಯಾಗಿ ಓದಿರಲಿಲ್ಲ.

ಸಂಘದ ಸೆಕ್ರೆಟರಿ ಮಾವ ತಲೆ ಮೇಲೆ ಕೈ ಹೊತ್ತು ಕೂತರು. ಆದರೆ ಕೇಳು. ಎರಡನೇ ಸಲ ಹೇಳಲು ಬಂದಾಗ ಯಾರೂ ಅಳಲಿಲ್ಲ. ಬಟನ್ ಅಕ್ಕ ಮೊದಲ ಸಲ 'ಹೊಗೆ ಬಂತು, ಬಾಗಿಲು ತೆಗೀಲಿಲ್ಲ' ಅಂದಷ್ಟೇ ಹೇಳಿದ್ದಳು. ಈ ಸಲ ಕೂತವಳೇ, 'ಬರ್ಕೋ' ಅಂದಳು. 'ಸೂಪರ್‌ವೈಸರ್ ಆಚೆ ನಿಂತಿದ್ದ. ಸೊಂಟದಲ್ಲಿ ಕೀಲಿ ಇತ್ತು. ಜಾಲರಿ ಕಿಂಡೀಲಿ ನಾನೇ ನೋಡ್ದೆ. ತೆಗೀರಿ ಸಾರ್ ಅಂತ ಬಡ್ಕೊಂಡೆ. ಸಾಹೇಬ್ರು ಫೋನ್ ಎತ್ತಲಿ ಅಂದ. ಮಾಲು ಹೊತ್ಕೊಂಡ್ ಹೋಗ್ತೀರ ಅಂದ. ನಿಮ್ಮಣ್ಣ ಉರೀತಿದ್ದ ಮುಂದಿನ ಬಾಗಿಲಿಂದ ಒಳಗೆ ಬಂದು ಜಾಲರಿ ಮುರಿದ. ಒಬ್ಬೊಬ್ಬರನ್ನೇ ನೂಕಿದ. ನನ್ನ ನೂಕಿದ ಮೇಲೆ ಅವನ ಕೈ ಕಾಣಿಸಲಿಲ್ಲ.'

'ಇಷ್ಟು ದಿನ ಯಾಕಕ್ಕ ಹೇಳಲಿಲ್ಲ?' ಅಂದೆ.

'ನನ್ನ ಗಂಡ ಅದೇ ಸೂಪರ್‌ವೈಸರ್ ಕೈ ಕೆಳಗೆ ದುಡೀತಾನೆ, ಗೊತ್ತಿಲ್ವಾ ನಿಂಗೆ?' ಅಂದಳು. 'ಮೊದಲ್ನೇದು ಅಳಿಸಿ ಹೋಯ್ತು ಅಂದ್ಯಲ್ಲ, ನನಗೆ ಯಾರೋ ಇನ್ನೊಂದ್ಸಲ ಕೇಳಿದ ಹಾಗಾಯ್ತು.'

ಈ ಹೇಳಿಕೆ ಮಂಡಳಿಗೆ ಹೋಗಲೇಬೇಕು. ಆದರೆ ಹಳೆಯ ಯಂತ್ರವನ್ನು ಆಫ್ ಮಾಡುವ ಮಾತು ಮಾತ್ರ ಎತ್ತಬೇಡ. ಸಭೆಯಲ್ಲಿ ಕೇಳಿದೆ. ಒಬ್ಬಳೂ ಕೈ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ದಿನಾ ಬಂದು ಅದರ ಪಕ್ಕ ಕೂರುತ್ತಾಳೆ. ಹಿಂಬದಿಯಿಂದ ಬರುವ ಬಿಸಿಗಾಳಿಗೆ ಕೈ ಒಡ್ಡುತ್ತಾಳೆ. ಅವಳೆದುರು ಹೇಗೆ ಆಫ್ ಮಾಡಲಿ?

ಕತ್ತರಿ


ಮೇ 5

ತಂಗಿ,

ನಗಲಿಲ್ಲ. ಎರಡು ದಿನ ಪಾಠ ಮಾಡಲಾಗಲಿಲ್ಲ.

ಆ ಹೇಳಿಕೆಗಳನ್ನು ಈ ಸಲ ಎರಡು ಪೆನ್‌ಡ್ರೈವಿನಲ್ಲಿಡು, ಎರಡು ಮನೆಯಲ್ಲಿಡು.

ಹೊಸದು ಹಾಕಿದ ಮೇಲೆ ಹೇಗೆ ನಡೆಸಬೇಕೆಂದು ಈಗಲೇ ಬರೆಯುತ್ತೇನೆ, ಆಮೇಲೆ ನನ್ನಿಂದ ಬರೆಯಲಾಗುತ್ತದೋ ಇಲ್ಲವೋ. ಮೆನುವಿನಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ. ಏನು ಬೇಕೋ ಹೆಸರು ಬರೆದು ಹುಡುಕು, 'ಇನ್‌ಸ್ಟಾಲ್' ಒತ್ತು. ಶೇಕಡಾ ತೊಂಬತ್ತು ಕೆಲಸ ಅಲ್ಲೇ ಮುಗಿಯುತ್ತದೆ. ಕಪ್ಪು ಕಿಟಕಿಯಲ್ಲಿ 'ಆಪ್ಟ್' ಎಂದು ಬರೆದು ಮಾಡುವುದೂ ಅದೇ ಉಗ್ರಾಣದ ಕೆಲಸ, ಬಾಗಿಲು ಬೇರೆ ಅಷ್ಟೇ. ಉಗ್ರಾಣದಲ್ಲಿರುವುದು ಹಳೆಯದಾದರೆ ಅಲ್ಲೇ 'ಫ್ಲಾಟ್‌ಪ್ಯಾಕ್' ಎಂಬುದು ಕಾಣುತ್ತದೆ. ಅದು ತನಗೆ ಬೇಕಾದ ಹಾಸಿಗೆ ಹೊದಿಕೆಯನ್ನೆಲ್ಲ ತಾನೇ ಹೊತ್ತು ತರುವ ನೆಂಟ. ಜಾಗ ಹೆಚ್ಚು ತಿನ್ನುತ್ತದೆ. ಯಾವುದೋ ತಾಣದಲ್ಲಿ ಸಿಕ್ಕ ಸಾಲನ್ನು ಅರ್ಥವಾಗದೆ ಕಪ್ಪು ಕಿಟಕಿಗೆ ಅಂಟಿಸಬೇಡ. ಬೀದಿಯಲ್ಲಿ ಸಿಕ್ಕವನಿಗೆ ಮನೆ ಕೀಲಿ ಕೊಟ್ಟ ಹಾಗೆ.

ಮತ್ತೊಂದು. ಪಾಸ್‌ವರ್ಡನ್ನು ಇನ್ನು ತುಂಡು ಮಾಡಬೇಡಿ. ಮೂವರಿಗೆ ಮೂರು ಯಜಮಾನ ಖಾತೆ ಮಾಡಿ, ಪ್ರತಿಯೊಬ್ಬರಿಗೂ ಅವರದೇ ಪಾಸ್‌ವರ್ಡ್. ಯಾರು ಅಧಿಕಾರ ಬಳಸಿದರೂ ಅವರ ಹೆಸರಿನಲ್ಲೇ ದಾಖಲಾಗುತ್ತದೆ. ಅಧಿಕಾರ ಒಬ್ಬರ ಕೈಯಲ್ಲಿರಬಾರದು ಎಂಬುದು ಸರಿ, ಅದಕ್ಕೆ ಸಾಯುವವರ ಕೈಗೆ ಅರ್ಧ ಕೊಡುವುದು ಮದ್ದಲ್ಲ. ಡಿಸ್ಕಿನ ಬೀಗವನ್ನು ಮೂವರೂ ಪೂರ್ತಿ ತಿಳಿದಿರಿ.

ಅಮ್ಮನ ಕೈ ಹೇಗಿದೆ? ಒಗೆಯುವ ಸೋಡಾ ನೀರಿನಲ್ಲಿ ಬೆರಳು ಬಿರಿಯುತ್ತಿತ್ತಲ್ಲ.

ಮೇಷ್ಟ್ರು


ಮೇ 27

ಅಣ್ಣಾ,

ಮೂರು ಸುದ್ದಿ, ಮೂರೂ ಕೆಟ್ಟವು.

ಯುಪಿಎಸ್ ಬ್ಯಾಟರಿ ಊದಿಕೊಂಡಿದೆ. ಕರೆಂಟ್ ಹೋದಾಗಲೆಲ್ಲ ಕೀಚಲು ದನಿಯಲ್ಲಿ ಕಿರುಚುತ್ತದೆ. ಹೆಂಗಸರು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ, ಪಾಳಿ ಹಾಕಿಕೊಂಡು ಕಾಯುತ್ತಿದ್ದಾರೆ. ಕಾಯಿಲೆಯವರ ಪಕ್ಕ ಕೂತ ಹಾಗೆ ಪಿಸುದನಿಯಲ್ಲಿ ಮಾತಾಡುತ್ತಾರೆ. ಮೊನ್ನೆ ಒಬ್ಬಳು ಗೆರೆ ಮಿಣುಕುವುದು ನಿಂತಿತು ಎಂದು ಕೂಗಿಕೊಂಡಳು. ನೋಡಿದರೆ ಮಿಣುಕುತ್ತಲೇ ಇತ್ತು. ನಾವೇ ಕಣ್ಣು ಮಿಟುಕಿಸುವುದನ್ನು ಮರೆತಿದ್ದೆವು.

ಕಾರ್ಖಾನೆಯ ಕಲ್ಯಾಣ ವಿಭಾಗದವರು ಒಂದು ಹೊಸ ಕಂಪ್ಯೂಟರ್ ಕಳಿಸಿದ್ದಾರೆ. ಸೀಲ್ ಒಡೆಯದ ಪೆಟ್ಟಿಗೆ, ಕೆಂಪು ರಿಬ್ಬನ್ನು ಬೇರೆ! 'ತಗೊಂಡ್ರೆ ಏನಮ್ಮ? ಯಂತ್ರಕ್ಕೆ ಏನ್ ಪಾಪ?' ಅಂದರು ಸೆಕ್ರೆಟರಿ ಮಾವ. 'ಮಾವ, ಬಾಗಿಲಿಗೆ ಬೀಗ ಹಾಕಿದ ಕೈಯೇ ರಿಬ್ಬನ್ನೂ ಕಟ್ಟಿದೆ' ಅಂದೆ. 'ಒಳಗಿರೋದನ್ನ ಅಳಿಸಿ ನಮ್ಮದು ಹಾಕ್ಕೊಳ್ಳೋಣ' ಅಂದರು. ಅಳಿಸಬಹುದು, ಗೊತ್ತು. ಹಸ್ತಾಂತರದ ಫೋಟೋ ಅಳಿಸಲು ಯಾವ ಲಿನಕ್ಸ್ ಇದೆ? ಪೆಟ್ಟಿಗೆಯನ್ನು ಅವರ ಗೇಟಿನ ಮುಂದೆ ಇಟ್ಟು ಬಂದೆವು.

ಮೂರನೆಯದು. ಕಳೆದ ಭಾನುವಾರ ನೀನು ಬಂದಿದ್ದೆಯಂತೆ. ಬಟನ್ ಅಕ್ಕ ಕಂಡಳಂತೆ. ಕೆಳಗಿನ ಅಂಗಡಿಯ ಪಕ್ಕ, ಮೆಟ್ಟಿಲ ಬುಡದಲ್ಲಿ ನಿಂತು, ಮೇಲಿನ ಕಿಟಕಿ ನೋಡಿ, ಹೋದೆಯಂತೆ. ಮೇಲೆ ಅಮ್ಮ ಇದ್ದಳು. ನಾನಿದ್ದೆ.

ಜೂನ್ ಬಂತು. ಏನು ಮಾಡಲಿ?

ಕತ್ತರಿ


ಜೂನ್ 3

ತಂಗಿ,

ಆಫ್ ಮಾಡು.

ಮೇಷ್ಟ್ರು


ಜೂನ್ 19

ಅಣ್ಣಾ,

ಎರಡೇ ಪದ ಬರೆಯಲು ನಿನಗೆ ವಾರ ಬೇಕಾಯಿತು. ಅದನ್ನು ಮಾಡಲು ನಮಗೆ ಎರಡು ವಾರ.

ಸಭೆ ಕರೆದೆ. ಹೇಳಿಕೆ ಹೋಗದಿದ್ದರೆ ಸೂಪರ್‌ವೈಸರ್ ಸೊಂಟದ ಕೀಲಿ ಸಮೇತ ಮನೆಗೆ ಹೋಗುತ್ತಾನೆ ಎಂದೆ. ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬಳು ಯಂತ್ರದ ಮುಂದೆ ಬಂದು ನಿಂತಳು. 'ಅವನ್ನ ಒಂದ್ಸಲ ಕಳ್ಕೊಂಡಿದ್ದೀವಿ, ಸಾಕು' ಅಂದಳು. ಇನ್ನೊಬ್ಬಳು ಅವಳ ಪಕ್ಕ ನಿಂತಳು. ಅವರನ್ನು ಎಳೆದು ಹಾಕುವ ಮನಸ್ಸು ನನಗೂ ಇರಲಿಲ್ಲ. ಕೂಗಾಟ ಶುರುವಾಯಿತು. ಸೆಕ್ರೆಟರಿ ಮಾವ ಮೇಜು ಕುಟ್ಟಿದರು.

ಅಷ್ಟು ಹೊತ್ತೂ ಅಮ್ಮ ತನ್ನ ಜಾಗದಲ್ಲಿ ಕೂತಿದ್ದಳು, ಬಿಸಿಗಾಳಿಗೆ ಕೈ ಒಡ್ಡಿಕೊಂಡು. ಅಲ್ಲಿಂದಲೇ ಕೇಳಿದಳು:

'ನಾನು ದಿನಾ ಬಂದು ಕೂರೋದು ಯಾಕೆ ಅಂದ್ಕೊಂಡಿದ್ದೀರ?'

ಕೈ ಹಿಂದಕ್ಕೆ ತೆಗೆಯದೆ ತಾನೇ ಹೇಳಿದಳು:

'ಮೈಯೆಲ್ಲ ಬೆಂದು ಸತ್ತವನು ಅವನು. ಆಸ್ಪತ್ರೇಲಿ ಕೊನೇಗೆ ಮುಟ್ಟಿದಾಗ ಇಷ್ಟೇ ಬಿಸಿ ಇದ್ದ. ಇವತ್ತಾದ್ರೂ ತಣ್ಣಗಾಗಿದಾನಾ ಅಂತ ನೋಡೋಕ್ ಬರ್ತೀನಿ. ದಿನಾ ಬಿಸಿ. ದಿನಾ ಬಿಸಿ. ವರ್ಷ ಆಯ್ತಲ್ರೇ. ಅವನು ತಣ್ಣಗಾಗೋಕೆ ಬಿಡ್ರೇ.'

ಎದ್ದಳು. ಟೇಪನ್ನು ಉಗುರಿನಿಂದ ಕೆರೆದಳು. ಬಿರಿದ ಬೆರಳು, ಬೇಗ ಬರಲಿಲ್ಲ. ಯಾರೂ ಸಹಾಯಕ್ಕೆ ಹೋಗಲಿಲ್ಲ, ಯಾರೂ ತಡೆಯಲಿಲ್ಲ. ಸ್ವಿಚ್ಚನ್ನು ಒತ್ತಿ ಹಿಡಿದಳು. ಪರದೆ ಕಪ್ಪಾಯಿತು. ಫ್ಯಾನು ಸ್ವಲ್ಪ ಹೊತ್ತು ತಿರುಗಿ ನಿಂತಿತು. ಅಮ್ಮ ಪೆಟ್ಟಿಗೆಯ ಹಿಂದೆ ಕೈಯಿಟ್ಟುಕೊಂಡೇ ಕೂತಳು. ಬಹಳ ಹೊತ್ತಾದ ಮೇಲೆ 'ಆಯ್ತು' ಅಂದಳು. ಆಮೇಲೆ ಎಲ್ಲರೂ ಅತ್ತರು. ಅವಳೊಬ್ಬಳು ಅಳಲಿಲ್ಲ.

ಮಾರನೆಯ ದಿನ ಮಿಂಟ್ ಹಾಕಿದೆ. ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಕೇಳಿತು. ಅಳಿಸು ಎಂದೆ. ಮೂರು ಖಾತೆ ಮಾಡಿದೆ: ನಾನು, ಬಟನ್ ಅಕ್ಕ, ವಕೀಲರ ಸಹಾಯಕಿ. ಬಟನ್ ಅಕ್ಕ ತನ್ನ ಪಾಸ್‌ವರ್ಡ್ ಒತ್ತುವಾಗ ನಾವಿಬ್ಬರೂ ಗೋಡೆಗೆ ತಿರುಗಿದೆವು. ನೀನು ಹೇಳಿದ್ದು ನಿಜ, ಆ ಬಿರುಕು ಮರೆಯುವಂಥದ್ದಲ್ಲ. ಮಂಡಳಿಯ ತಾಣ ತೆರೆಯಿತು. ಹೇಳಿಕೆಗಳೆಲ್ಲ ಹೋದವು, ಸ್ವೀಕರಿಸಿದ್ದೇವೆ ಎಂದು ಬಂತು. ಇನ್ನು 'ಅಪಘಾತ' ಎಂದು ಬರೆಯುವ ಪೆನ್ನು ಮೊದಲು ಬಟನ್ ಅಕ್ಕನನ್ನು ದಾಟಬೇಕು.

ಒಂದು ವಿಷಯ ನಿನಗೆ ಮಾತ್ರ ಹೇಳುತ್ತೇನೆ. ಇಷ್ಟು ದಿನ ಅವನು ಎಲ್ಲಿದ್ದಾನೆಂದು ನನಗೆ ಗೊತ್ತಿತ್ತು. ಮೇಜಿನ ಕೆಳಗೆ ಗುಂಯ್‌ಗುಡುತ್ತಿದ್ದ. ಕಚೇರಿಗೆ ಬೀಗ ಹಾಕಿ ಮನೆಗೆ ಹೋದರೆ ಅವನು ಒಳಗೇ ಉಳಿಯುತ್ತಿದ್ದ. ಈಗ ಎಲ್ಲಿದ್ದಾನೋ ಗೊತ್ತಿಲ್ಲ. ನಿನ್ನೆ ಕಟಿಂಗ್ ಮೇಜಿನಲ್ಲಿ ಬಟ್ಟೆ ಹಾಸುವಾಗ ಆಚೆ ತುದಿಯನ್ನು ಯಾರೋ ಹಿಡಿದುಕೊಟ್ಟ ಹಾಗಾಯಿತು. ತಲೆ ಎತ್ತಿದೆ, ಯಾರೂ ಇಲ್ಲ. ಹಿಂದಿನ ಬಾಗಿಲ ಹತ್ತಿರ ಹೋಗುವುದನ್ನು ಸೂಪರ್‌ವೈಸರ್ ಬಿಟ್ಟಿದ್ದಾನೆ, ಸುತ್ತು ಹಾಕಿಕೊಂಡು ಮುಂದಿನಿಂದ ಬರುತ್ತಾನೆ. ಯಾಕೆ ಸಾರ್ ಎಂದು ಬಟನ್ ಅಕ್ಕ ಕೇಳಿದಳಂತೆ. ಅಲ್ಲಿ ಬಿಸಿ ಜಾಸ್ತಿ ಎಂದನಂತೆ.

ಇರಲಿ, ಹಾಗೇ ಇರಲಿ. ನಾವು ಅಣ್ಣನನ್ನು ಬಿಟ್ಟಿದ್ದೇವೆ. ಅವನು ಯಾರನ್ನು ಬಿಡುತ್ತಾನೆ, ಯಾರನ್ನು ಬಿಡುವುದಿಲ್ಲ ಎಂಬುದು ಅವನಿಗೆ ಸೇರಿದ್ದು.

ಇಂತಿ ನಿನ್ನ ತಂಗಿ,
ಕತ್ತರಿ